ಉಪವಾಸದ ಬಿಯರು

ಸಂಘದ ಪತ್ರಿಕೆಯಲ್ಲಿ ಬಿಯರಿನ ವಿಷಯವೇ ಎಂದು ಹಿರಿಯರು ಹುಬ್ಬೇರಿಸಬಹುದು. ಇರಲಿ. ಇದನ್ನು ಬರೆಯುತ್ತಿರುವುದು ನಾಗಪುರದಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗಾಗಿ.

ಜರ್ಮನಿಯಲ್ಲಿ ನೌಕರಿಯಲ್ಲಿರುವ ಮಗ ಹೋಳಿಗೆಂದು ಬಂದವನು ಪೆಟ್ಟಿಗೆಯ ತಳದಿಂದ, ಬನಿಯನ್ನಿನಲ್ಲಿ ಸುತ್ತಿಟ್ಟಿದ್ದ ಒಂದು ಬಾಟಲಿ ತೆಗೆದ. ಮ್ಯೂನಿಕ್‌ನ 'ಸಾಲ್ವೇಟರ್' ಬಿಯರು. "ಅಪ್ಪಾ, ಕದ್ದು ಕುಡಿಯೋದಕ್ಕಿಂತ ನಿಮ್ಮೆದುರಿಗೇ ಕುಡಿಯೋದು ವಾಸಿ ಅನ್ನಿಸ್ತು" ಎಂದ. ಎಪ್ಪತ್ತೈದು ಕಿಲೋಮೀಟರ್ ಆಚೆಯ ವರ್ಧಾದಲ್ಲಾಗಿದ್ದರೆ ಅದೂ ಅಪರಾಧವೇ. ಸೇವಾಗ್ರಾಮವಿರುವ ಆ ಜಿಲ್ಲೆಯಲ್ಲಿ 1974ರಿಂದ ಪಾನನಿಷೇಧ.

ನನಗೆ ಸಿಟ್ಟು ಬರಬೇಕಿತ್ತು. ಆದರೆ ಅವನು ಹೇಳಿದ ಕಥೆ ಸ್ವಾರಸ್ಯವಾಗಿತ್ತು. ಹದಿನೇಳನೆಯ ಶತಮಾನದಲ್ಲಿ ಮ್ಯೂನಿಕ್‌ನ ಪೌಲಾನರ್ ಮಠದ ಸನ್ಯಾಸಿಗಳು ಈಸ್ಟರಿಗೆ ಮುಂಚೆ ನಲವತ್ತು ದಿನ ಉಪವಾಸವಿರುತ್ತಿದ್ದರಂತೆ. ಕುಡಿದರೆ ಉಪವಾಸ ಮುರಿಯದು ಎಂದು, ಊಟದಷ್ಟೇ ಪುಷ್ಟಿಯ ಬಿಯರನ್ನು ಕಾಯಿಸಿಕೊಂಡರಂತೆ. ಏಕಾದಶಿಗೆ ತಟ್ಟೆ ತುಂಬ ಸಾಬುದಾಣಾ ಖಿಚಡಿ ತಿನ್ನುವ ನಾವು ನಗುವಂತಿಲ್ಲ! ಸಾಮಾನ್ಯ ಬಿಯರಿನಲ್ಲಿ ಮದ್ಯಸಾರ ಶೇ. 5ರ ಆಸುಪಾಸು, ಇದರಲ್ಲಿ ಶೇ. 7.9.

ಎರಡು ಗುಟುಕು ನಾನೂ ರುಚಿ ನೋಡಿದೆ. ಕೆಂಪು ಛಾಯೆಯ ಕಂದು ಬಣ್ಣ. ಮೊದಲು ಬೆಲ್ಲದ ಪಾಕದ ಸಿಹಿ, ಆಮೇಲೆ ಸೀದ ರೊಟ್ಟಿಯಂಚು, ಕೊನೆಗೆ ತುಸು ಕಹಿ, ಗಂಟಲಲ್ಲಿ ಬಿಸಿ. ಎಲ್ಲೋ ತಿಂದ ರುಚಿ, ನೆನಪಾಗಲೊಲ್ಲದು.

ಕೂಲರಿನ ಮುಂದೆ ಕುಳಿತಿದ್ದ ಎಂಬತ್ತನಾಲ್ಕರ ಅಮ್ಮ ಕೈಚಾಚಿ ಲೋಟ ಇಸಿದುಕೊಂಡು ಮೂಸಿದಳು. "ಮೊಳಕೆ ಕಟ್ಟಿದ ರಾಗಿ ಹುರಿದ ವಾಸನೆ ಕಣೋ ಇದು!"

ಹೌದಲ್ಲ! ತುಮಕೂರಿನಲ್ಲಿ ಅವಳು ರಾಗಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರಿದು ಬೀಸಿದರೆ ಅದೇ ನೀವು ಕುಡಿದು ಬೆಳೆದ ರಾಗಿ ಮಾಲ್ಟ್. ಜರ್ಮನರೂ ಬಾರ್ಲಿಯನ್ನು ಮೊಳೆಯಿಸಿ, ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಮೊಳಕೆಯೊಡೆದ ಕಾಳಿನ ಹಿಟ್ಟಿನಂಶ ಬಿಸಿನೀರಿನಲ್ಲಿ ಸಕ್ಕರೆಯಾಗುತ್ತದೆ, ಯೀಸ್ಟು ಆ ಸಕ್ಕರೆಯನ್ನು ಮದ್ಯಸಾರ ಮಾಡುತ್ತದೆ. ಆಮೇಲೆ ವಾರಗಟ್ಟಲೆ ತಣ್ಣಗೆ ಇಡುತ್ತಾರೆ. 'ಲಾಗರ್' ಎಂದರೆ ಹಾಗೆ ಕೂಡಿಟ್ಟದ್ದು.

ಅಮ್ಮ ಲೋಟ ಹಿಂದಕ್ಕೆ ಕೊಡಲಿಲ್ಲ. "ನಿನ್ನ ಸೋದರಮಾವ ಜ್ವರದಲ್ಲಿ ಹೋದ ಅಂತ ಹೇಳಿದ್ದೆನಲ್ಲ, ಜ್ವರ ಅಲ್ಲ, ಸಾರಾಯಿ" ಎಂದಳು.

ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಆ ಹೊತ್ತಿಗೆ ಮಾವ ಹೋಗಿ ಮೂವತ್ತು ವರ್ಷ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆಯಲ್ಲಿ ಅವನ ಹೆಸರನ್ನೇ ಯಾರೂ ಎತ್ತಿರಲಿಲ್ಲ. ಅಂದು ರಾತ್ರಿ ಹನ್ನೊಂದರವರೆಗೆ ಅಮ್ಮ ಹೇಳುತ್ತಲೇ ಇದ್ದಳು: ಅವನ ಕೋಲಾಟ, ಅವನು ಅಡವಿಟ್ಟ ಅವಳ ಓಲೆ, ಅವನನ್ನು ಹುಡುಕಿಕೊಂಡು ಅಂಗಡಿ ಅಂಗಡಿ ತಿರುಗಿದ್ದು. ಮಗ ಅವಳ ಕಾಲ ಬಳಿ ಕುಳಿತು ಕೇಳಿದ. ಬಾಟಲಿಯಲ್ಲಿ ಅರ್ಧ ಹಾಗೇ ಉಳಿದಿತ್ತು.