ಬೀಗರ ಮೇಜಿನ ಮೇಲಿನ ಕಪ್ಪು ಬಿಯರ್

ಕುಡಿಯುವ ವಸ್ತುವಿನ ವಿಷಯವನ್ನು ಸಂಘದ ಸ್ಮರಣಸಂಚಿಕೆಗೆ ಬರೆಯಬಹುದೇ ಎಂದು ನಾವು ಸಹೋದರರಿಬ್ಬರೂ ಬಹಳ ಹಿಂದೆಮುಂದೆ ನೋಡಿದೆವು. ಅದನ್ನು ಬಿಟ್ಟರೆ ನಮ್ಮ ಬೆಲ್ಜಿಯಂ ಪ್ರವಾಸದಲ್ಲಿ ಹೇಳಿಕೊಳ್ಳುವಂಥದ್ದು ಬೇರೇನೂ ಇಲ್ಲವೆಂದು ಮನವರಿಕೆಯಾದ ಮೇಲೆ ಬರೆಯಲು ಕುಳಿತಿದ್ದೇವೆ.

ನಮ್ಮದು ಹೊಸೂರಿನಾಚೆಯ ತಳಿ ಸೀಮೆಯ ಮನೆ. ಹೊಸೂರು ಹಿಂದೆ ಸೇಲಂ ಜಿಲ್ಲೆಗೆ ಸೇರಿತ್ತು. ರಾಜಾಜಿಯವರು 1937ರಲ್ಲಿ ಮದ್ರಾಸ್ ಪ್ರಾಂತದಲ್ಲಿ ಪಾನನಿಷೇಧವನ್ನು ಮೊಟ್ಟಮೊದಲು ಜಾರಿಗೆ ತಂದದ್ದು ಆ ಜಿಲ್ಲೆಯಲ್ಲಿಯೇ. ನಮ್ಮ ತಂದೆಯವರು ಆ ನಿಷೇಧದ ನೆರಳಿನಲ್ಲಿ ಹುಟ್ಟಿ, ಅದರ ಮರೆಯಲ್ಲಿಯೇ ಕಳ್ಳಭಟ್ಟಿ ಕಲಿತವರು. 1971ರಲ್ಲಿ ನಿಷೇಧ ಸಡಿಲಗೊಂಡು ಸಾರಾಯಿ ಅಂಗಡಿಗಳು ತೆರೆದಾಗ ಅವರಿಗೆ ಕದ್ದು ಕುಡಿಯುವ ಶ್ರಮವೂ ತಪ್ಪಿತು. ಎರಡು ವರ್ಷದಲ್ಲಿ ಹೋಗಿಬಿಟ್ಟರು. ಆಗ ನಮ್ಮಲ್ಲಿ ಹಿರಿಯವನಿಗೆ ಹನ್ನೊಂದು, ಕಿರಿಯವನಿಗೆ ಎಂಟು. ತಿಥಿ ಮುಗಿದ ಸಂಜೆ ಅಮ್ಮ ನಮ್ಮಿಬ್ಬರ ಕೈಯನ್ನೂ ತನ್ನ ತಲೆಯ ಮೇಲಿರಿಸಿಕೊಂಡು ಆಣೆ ಹಾಕಿಸಿದಳು. ಐವತ್ತು ವರ್ಷ ಆ ಆಣೆಯನ್ನು ಮೀರಿರಲಿಲ್ಲ.

ಅಮ್ಮ ನಮ್ಮನ್ನು ಸಾಕಿದ್ದು ಹುರಿಟ್ಟಿನಿಂದ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಿನಲ್ಲಿ ಆರಿಸಿ, ಬಾಣಲೆಯಲ್ಲಿ ಹುರಿದು ಬೀಸುತ್ತಿದ್ದಳು. ಮನೆಯ ಉಪಯೋಗಕ್ಕೆ ಸ್ವಲ್ಪ, ಮಾರಾಟಕ್ಕೆ ಹೆಚ್ಚು. ಹುರಿಯುವ ದಿನ ಬೀದಿಯ ತುದಿಯಿಂದಲೇ ಆ ವಾಸನೆ ನಮ್ಮನ್ನು ಮನೆಗೆ ಎಳೆಯುತ್ತಿತ್ತು.

ನಮ್ಮಲ್ಲಿ ಹಿರಿಯವನ ಮಗಳು ಬೆಲ್ಜಿಯಂ ದೇಶದ ಲ್ಯೂವೆನ್ ನಗರದಲ್ಲಿ ಉದ್ಯೋಗದಲ್ಲಿದ್ದಾಳೆ. ಅಲ್ಲಿಯ ಹುಡುಗನನ್ನೇ ಮದುವೆಯಾಗಿದ್ದಾಳೆ. ಲ್ಯೂವೆನ್ನಿನ ಹಳೆಯ ವಿಶ್ವವಿದ್ಯಾಲಯವು 1968ರಲ್ಲಿ ಡಚ್ ಮತ್ತು ಫ್ರೆಂಚ್ ಭಾಷೆಗಳ ಜಗಳದಲ್ಲಿ ಎರಡಾಗಿ ಒಡೆಯಿತು. ಗ್ರಂಥಾಲಯದ ಪುಸ್ತಕಗಳನ್ನು ಸಮಸಂಖ್ಯೆಯವು ಒಬ್ಬರಿಗೆ, ಬೆಸಸಂಖ್ಯೆಯವು ಇನ್ನೊಬ್ಬರಿಗೆ ಎಂದು ಹಂಚಿಕೊಂಡರಂತೆ! ಗಡಿನಾಡಿನವರಾದ ನಾವು ಇದನ್ನು ಕೇಳಿ ನಕ್ಕೆವು, ಆದರೆ ಬಹಳ ಹೊತ್ತು ನಗಲಾಗಲಿಲ್ಲ.

ಬೀಗರು ಡಚ್ ಭಾಷಿಕರು, ನಿವೃತ್ತ ರೈತರು. ಒಂದು ಭಾನುವಾರ ಅವರು ನಮ್ಮನ್ನು ಆಂಟ್‌ವರ್ಪಿನ ಈಶಾನ್ಯಕ್ಕಿರುವ ವೆಸ್ಟ್‌ಮಾಲ್ ಎಂಬಲ್ಲಿಗೆ ಕರೆದೊಯ್ದರು. ಅಲ್ಲಿ 1794ರಲ್ಲಿ ಸ್ಥಾಪಿತವಾದ ಟ್ರ್ಯಾಪಿಸ್ಟ್ ಸಂನ್ಯಾಸಿಗಳ ಮಠವೊಂದಿದೆ. ತಮ್ಮ ಕೈಯ ದುಡಿಮೆಯಿಂದಲೇ ಬದುಕಬೇಕೆಂಬುದು ಅವರ ನಿಯಮ. 1836ರಿಂದ ಮಠದೊಳಗೆ ಬಿಯರ್ ತಯಾರಾಗುತ್ತಿದೆ. ಬಂದ ಹಣ ಮಠದ ನಿರ್ವಹಣೆಗೆ, ಉಳಿದದ್ದು ದಾನಕ್ಕೆ. ಸಂನ್ಯಾಸಿಗಳು ಮದ್ಯ ಮಾಡುವರೆಂಬುದು ನಮಗೆ ಸುಲಭವಾಗಿ ಗಂಟಲಿನಲ್ಲಿ ಇಳಿಯುವ ಮಾತಾಗಿರಲಿಲ್ಲ. ಗೋಡೆಯೊಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ರಸ್ತೆಯ ಈಚೆಯ ಉಪಾಹಾರಗೃಹದಲ್ಲಿ ಕುಳಿತೆವು.

ಬೀಗರು ನಾಲ್ಕು ಡಬ್ಬೆಲ್ ತರಿಸಿದರು. ಮಗಳು ಗಾಬರಿಯಿಂದ, "ದೊಡ್ಡಪ್ಪ ಚಿಕ್ಕಪ್ಪಂದಿರ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ ಅಂತ ಇವರಿಗೆ ಹೇಳಲಿಕ್ಕೇ ಮರೆತೆ, ಅಪ್ಪಾ" ಎಂದಳು. ಅಷ್ಟರಲ್ಲಿ ಬೀಗರು ಅಗಲ ಬಾಯಿಯ, ಕಾಲುಳ್ಳ ಗಾಜಿನ ಬಟ್ಟಲನ್ನು ಓರೆಯಾಗಿ ಹಿಡಿದು ಸುರಿಯತೊಡಗಿದ್ದರು. ಸೀಸೆಯಲ್ಲಿಯೇ ಎರಡನೆಯ ಬಾರಿ ಹುದುಗುವ ಪಾನೀಯವಾದ್ದರಿಂದ ತಳದಲ್ಲಿ ಮಡ್ಡಿ ಕುಳಿತಿರುತ್ತದೆ. ಅದು ಕದಡದಂತೆ ಕೊನೆಯ ಬೆರಳಗಲವನ್ನು ಸೀಸೆಯಲ್ಲಿಯೇ ಉಳಿಸಿದರು. ಬಣ್ಣ ಕೆಂಪು ಮಿಶ್ರಿತ ಕಂದು. ಮೇಲೆ ಕೆನೆಬಣ್ಣದ ದಟ್ಟ ನೊರೆ.

ಬಟ್ಟಲು ಮುಂದೆ ಬಂದಾಗ ನಾವಿಬ್ಬರೂ ಏಕಕಾಲಕ್ಕೆ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿದೆವು. ಅದು ಹುರಿಟ್ಟಿನ ವಾಸನೆ. ಸಾರಾಯಿಯ ವಾಸನೆ ನಮಗೆ ಗೊತ್ತು. ಅದರ ಸುಳಿವು ಇಲ್ಲಿರಲಿಲ್ಲ. ಹುರಿದ ಧಾನ್ಯ, ಅದರ ಹಿಂದೆ ಕಂದಿದ ಬೆಲ್ಲ, ಒಣದ್ರಾಕ್ಷಿ, ಎಲ್ಲೋ ಕಳಿತ ಬಾಳೆಹಣ್ಣು. ಬೀಗರನ್ನು ಕೇಳಿದಾಗ ಮಗಳ ಮೂಲಕ ವಿವರಿಸಿದರು. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸುತ್ತಾರೆ. ಮೊಳಕೆ ಬೆಳೆದುಹೋಗುವ ಮೊದಲೇ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಅದೇ ಮಾಲ್ಟ್. ಕಾಳಿನ ಪಿಷ್ಟವನ್ನು ಸಕ್ಕರೆಯಾಗಿಸುವ ಶಕ್ತಿ ಆ ಮೊಳಕೆಯದು. ಕಪ್ಪು ಬಣ್ಣಕ್ಕೂ ರುಚಿಗೂ ಕಾಯಿಸಿ ಕಂದಿಸಿದ ಸಕ್ಕರೆ ಪಾಕವನ್ನು ಬೆರೆಸುತ್ತಾರೆ. ನಾವು ಅಮ್ಮನ ಬಟ್ಟೆಯ ಗಂಟನ್ನೂ ಬಾಣಲೆಯನ್ನೂ ಕೈಸನ್ನೆಯಿಂದ ತೋರಿಸಿದೆವು. ಅವರಿಗೆ ಅರ್ಥವಾಯಿತು, ರೈತರಲ್ಲವೇ.

ಅಂದು ನಾವು ಎರಡೆರಡು ಗುಟುಕು ಕುಡಿದೆವು. ಮರ್ಯಾದೆಗೆಂದು ಕುಡಿದೆವೆಂದರೆ ಸುಳ್ಳಾಗುತ್ತದೆ. ಆ ವಾಸನೆಯ ರುಚಿ ಹೇಗಿರಬಹುದೆಂಬ ಆಸೆಯಿಂದ ಕುಡಿದೆವು. ವಾಸನೆ ಹೇಳಿದಷ್ಟು ಸಿಹಿ ನಾಲಿಗೆಗೆ ಸಿಗಲಿಲ್ಲ. ಮೊದಲು ಮೆದುವಾದ ಸಿಹಿ, ಬಳಿಕ ತೆಳ್ಳಗೆ ಕಹಿ, ಕೊನೆಯಲ್ಲಿ ಬಾಯಿ ಒಣಗಿದಂತೆ. ಎದೆಯಲ್ಲಿ ಸಣ್ಣ ಬಿಸಿ. ಅದು ನೂರಕ್ಕೆ ಏಳರಷ್ಟು ಮದ್ಯಸಾರದ ಪಾನೀಯ. ಆ ಬಿಸಿ ತಾಕಿದ ಕ್ಷಣ ನಮ್ಮಲ್ಲಿ ಕಿರಿಯವನು ಬಟ್ಟಲನ್ನು ಕೆಳಗಿಟ್ಟ. ಹಿರಿಯವನೂ ಇಟ್ಟ. ತಂದೆಯವರು ಹುಡುಕಿದ್ದು ಆ ಬಿಸಿಯನ್ನೇ ಇರಬೇಕು. ಉಳಿದದ್ದನ್ನು ಬೀಗರು ನಿಧಾನವಾಗಿ, ಚೀಸಿನ ತುಂಡುಗಳೊಂದಿಗೆ, ಒಂದು ಗಂಟೆ ಹಿಡಿದು ಮುಗಿಸಿದರು. ಹಾಗೆ ಕುಡಿದು ಎದ್ದು ನೆಟ್ಟಗೆ ನಡೆದುಹೋಗುವವರನ್ನು ನಾವು ಬಾಲ್ಯದಲ್ಲಿ ಕಂಡಿರಲಿಲ್ಲ.

ಆ ರಾತ್ರಿ ಅಮ್ಮನಿಗೆ ದೂರವಾಣಿ ಮಾಡಿ ಹೇಳಿಬಿಟ್ಟೆವು. ಎಂಬತ್ತು ದಾಟಿದ ಜೀವ; ಹೇಳಬಾರದಿತ್ತೇನೋ. ಬಹಳ ಹೊತ್ತು ಅತ್ತ ಕಡೆಯಿಂದ ಸದ್ದಿಲ್ಲ.

"ಎಷ್ಟು ಕುಡಿದಿರಿ?"

"ಎರಡು ಗುಟುಕು ಅಮ್ಮಾ. ನಿನ್ನ ಹುರಿಟ್ಟಿನ ವಾಸನೆ ಇತ್ತು."

"ನಿಮ್ಮಪ್ಪನಿಗೂ ಹುರಿಟ್ಟು ಅಂದ್ರೆ ಪ್ರಾಣ. ಬಿಸಿ ಬಾಣಲೆಯಿಂದಲೇ ಬಾಚಿ ತಿನ್ನೋರು."

ತಂದೆಯವರಿಗೆ ಇಷ್ಟವಾದದ್ದೊಂದನ್ನು ಅಮ್ಮ ನಮ್ಮೆದುರು ಹೇಳಿದ್ದು ಅದೇ ಮೊದಲು. ಮತ್ತೇನೂ ಹೇಳದೆ, ಬೀಗರಿಗೆ ಏನು ಕೊಟ್ಟಿರೆಂದು ವಿಚಾರಿಸಿದಳು. ಈ ಸುಗ್ಗಿಯ ರಾಗಿ ಬಂದ ಮೇಲೆ ಎರಡು ಕಿಲೋ ಹುರಿಟ್ಟು ಕಳುಹಿಸಬೇಕೆಂದು ಅಪ್ಪಣೆಯಾಗಿದೆ. ಮೊಳಕೆ ಕಟ್ಟುವ ಬಟ್ಟೆಯನ್ನು ಅವಳೇ ಒಗೆದು ಇಟ್ಟಿದ್ದಾಳೆ.