ಕೂಲರ್ ಪುರಾಣ

ನಾಗಪುರದ ಮೇ ತಿಂಗಳು ಅಂದ್ರೆ ತಮಾಷೆಯಲ್ಲ ಮಾರಾಯ್ರೆ, 2013ರಲ್ಲಿ 47.9 ಡಿಗ್ರಿ ಮುಟ್ಟಿತ್ತು! ಆ ವಾರವೇ ನಮ್ಮ ರಾಮದಾಸಪೇಠ್ ಮನೆಯ ಕೂಲರ್ ಕೈಕೊಟ್ಟಿತು. ಫ್ಯಾನೂ ಪಂಪೂ ಓಡುತ್ತಿವೆ, ಗಾಳಿ ಮಾತ್ರ ಒಲೆಬಾಯಿಂದ ಬಂದ ಹಾಗೆ. ಊರಿಂದ ಬಂದಿದ್ದ ಅಮ್ಮ ಒದ್ದೆ ಟವೆಲ್ ಹೊದ್ದು, ಮಾತಿಲ್ಲದೆ ಕೂತಿದ್ದರು. ನನಗೆ ಭಯವಾಯ್ತು.

ಪ್ಲಗ್ ಕಿತ್ತು, ಪಕ್ಕದ ಜಾಲರಿ ಬಿಚ್ಚಿದೆ. ಲಾವಂಚದ ತಟ್ಟಿ ಒಣಗಿ ಗರಿಗರಿ. ಮೇಲಿನ ಕೊಳವೆಯ ತೂತುಗಳಲ್ಲಿ ಗಡಸು ನೀರಿನ ಬಿಳಿ ಉಪ್ಪು ಕಟ್ಟಿತ್ತು. ಸೂಜಿಯಿಂದ ಒಂದೊಂದನ್ನೇ ಬಿಡಿಸಿದೆ. ಗಾಳಿ ತಂಪಾಯ್ತು... ಆದರೆ ಅರ್ಧ ಗಂಟೆಯಲ್ಲಿ ಮನೆಯೆಲ್ಲ ಜಿಗುಟು, ಸೆಕೆ! ಜಾಣತನ ಮಾಡಿ ಕಿಟಕಿಗಳನ್ನೆಲ್ಲ ಮುಚ್ಚಿದ್ದೆ ನೋಡಿ. ಒಳಬಂದ ಹಸಿಗಾಳಿ ಹೊರಗೆ ಹೋಗೋದೆಲ್ಲಿಂದ?

ಎದುರು ಕಿಟಕಿ ತೆರೆದೆ.

"ಲಾವಂಚದ ಪರಿಮಳ ಚೆನ್ನಾಗಿದೆ ಕಣೋ" ಅಂದ ಅಮ್ಮ, ಅಲ್ಲೇ ಕೂಲರ್ ಎದುರು ಚಾಪೆ ಹಾಸಿ ಮಲಗಿದರು.