ನೆಲವೇ ಡೊಂಕಿದ್ದರೆ

ವ್ಹೀಲ್‌ಚೇರ್ ಟೆನಿಸ್‌ನ ನಿಯಮ ಓದುತ್ತಾ ಹೋದಂತೆ ಸೋಜಿಗ. ಅಂಕಣ ಅದೇ, 78 ಅಡಿ ಉದ್ದ. ನೆಟ್ಟೂ ಅದೇ, ನಡುವೆ 3 ಅಡಿ ಎತ್ತರ. ರಾಕೆಟ್ಟು ಬೇರೆಯಲ್ಲ, ಚೆಂಡು ಬೇರೆಯಲ್ಲ. ದೊಡ್ಡ ಬದಲಾವಣೆ ಅಂತ ಇರುವುದು ಒಂದೇ: ಚೆಂಡು ಎರಡು ಪುಟ ಎದ್ದ ಮೇಲೂ ಹೊಡೆಯಬಹುದು. ಮೊದಲನೆಯ ಪುಟ ಗೆರೆಯೊಳಗೆ ಬೀಳಬೇಕು, ಎರಡನೆಯದು ಗೆರೆ ದಾಟಿ ಆಚೆ ಬಿದ್ದರೂ ಸರಿ. ನಡೆದಾಡುವವರ ಆಟಕ್ಕೂ ಕುರ್ಚಿಯವರ ಆಟಕ್ಕೂ ನಡುವೆ ಇರುವುದು ಆ ಒಂದು ಪುಟ. ಹಾಗಿದ್ದರೆ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಈ ಆಟ ಆಡಿದವರು ಯಾಕೆ ನನ್ನ ಕಣ್ಣಿಗೆ ಬಿದ್ದಿಲ್ಲ?

*

ಬಿಳಿಕೆರೆಯಲ್ಲಿ ಕೆ.ಆರ್. ನಗರದ ರಸ್ತೆ ತಿರುಗುವ ಕಡೆ, ಟೀ ಅಂಗಡಿಯಲ್ಲಿ ಮೊಬೈಲಿನಲ್ಲಿ ಒಂದು ಪಂದ್ಯ ತೋರಿಸಿದೆ. ಪಕ್ಕದಲ್ಲಿದ್ದ ಹುಡುಗ ಇಣುಕಿ ನೋಡಿ, "ಎರಡು ಪಿಚ್ ಬಿಟ್ರೆ ಯಾರು ಬೇಕಾದ್ರೂ ಹೊಡೀತಾರೆ ಬಿಡಣ್ಣ" ಅಂದ. ಅವನೇ ಸಂಜೆ ಓಣಿಯಲ್ಲಿ ಕ್ರಿಕೆಟ್ ಆಡುವಾಗ, ಜಾಗ ಸಾಲದು ಅಂತ 'ಒನ್ ಪಿಚ್ ಒನ್ ಹ್ಯಾಂಡ್ ಔಟ್' ಎಂಬ ನಿಯಮ ಹಾಕಿಕೊಂಡು ಆಡುತ್ತಾನೆ. ಒಂದು ಪುಟ ಎದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೆ ಔಟ್. ಅದನ್ನು ಯಾರೂ ರಿಯಾಯಿತಿ ಅನ್ನುವುದಿಲ್ಲ. ಓಣಿಗೆ ತಕ್ಕಂತೆ ನಿಯಮ, ಅದರೊಳಗೆ ಜಿದ್ದಾಜಿದ್ದಿ. ಕುರ್ಚಿಯಲ್ಲಿ ಕೂತವರು ಅದನ್ನೇ ಮಾಡಿದಾಗ ಮಾತ್ರ ನಮ್ಮ ಕಣ್ಣಿಗೆ 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಅಂತ ಕಾಣುವುದೇಕೆ?

ಅಂದಹಾಗೆ, ಮೇಲ್ಮಟ್ಟದ ಆಟಗಾರರು ಎರಡನೆಯ ಪುಟಕ್ಕೆ ಕಾಯದೆ ಎಷ್ಟೋ ಚೆಂಡುಗಳನ್ನು ಮೊದಲ ಪುಟದಲ್ಲೇ ಬಾರಿಸುತ್ತಾರೆ. ಕಾದರೆ ಎದುರಾಳಿಗೆ ತನ್ನ ಜಾಗಕ್ಕೆ ಮರಳಲು ಹೊತ್ತು ಸಿಗುತ್ತದೆ.

*

ಪಂದ್ಯ ನೋಡುವಾಗ ನನಗೆ ಬಹಳ ಹೊತ್ತು ಅರ್ಥವಾಗದ್ದು ಇದು: ಹೊಡೆದ ಮೇಲೆ ಆಟಗಾರ ಎದುರಾಳಿಯ ಕಡೆ ಮುಖ ಮಾಡಿ ನಿಲ್ಲುವುದಿಲ್ಲ. ಗಾಲಿ ತಿರುಗಿಸಿ, ನೆಟ್ಟಿಗೆ ಬೆನ್ನು ಹಾಕಿ, ಹಿಂದಕ್ಕೆ ಒಂದು ಸುತ್ತು ಹೊಡೆಯುತ್ತಾನೆ. ಚೆಂಡಿಗೆ ಬೆನ್ನು ಕೊಡುವುದು ಯಾವ ಜಾಣತನ ಅನ್ನಿಸಿತು. ಮತ್ತೆ ಮತ್ತೆ ನೋಡಿದ ಮೇಲೆ ಹೊಳೆಯಿತು. ಕಾಲಿದ್ದವರು ಪಕ್ಕಕ್ಕೆ ಹೆಜ್ಜೆ ಹಾಕಿ ನಡುವಿಗೆ ಬರಬಹುದು, ಗಾಲಿಗೆ ಪಕ್ಕದ ಹೆಜ್ಜೆ ಇಲ್ಲ. ನಿಂತ ಕುರ್ಚಿಯನ್ನು ಮತ್ತೆ ಹೊರಡಿಸುವುದಕ್ಕೆ ತೋಳಿನ ಶಕ್ತಿಯೆಲ್ಲ ಹೋಗುತ್ತದೆ. ಅದಕ್ಕೇ ಅವರು ನಿಲ್ಲುವುದೇ ಇಲ್ಲ. ಹಿಂದೆ ಒಂದು ನೆಲೆ ಇಟ್ಟುಕೊಂಡು ಅಲ್ಲಿಗೆ ಉರುಳಿ ಹೋಗಿ, ಉರುಳುತ್ತಲೇ ಮುಂದಿನ ಚೆಂಡಿಗೆ ಕೋನ ಹಿಡಿಯುತ್ತಾರೆ. ಬೆನ್ನು ತಿರುಗಿದ ಆ ಒಂದು ಕ್ಷಣದಲ್ಲಿ ಕತ್ತು ಹೊರಳಿಸಿ ಭುಜದ ಮೇಲಿಂದ ಚೆಂಡು ನೋಡುತ್ತಾರೆ.

ಇದೆಲ್ಲ ನಡೆಯುವಾಗ ರಾಕೆಟ್ ಎಲ್ಲಿರುತ್ತದೆ? ಕೈಯಲ್ಲೇ. ಅದೇ ಅಂಗೈಗೂ ಗಾಲಿಯ ಬಳೆಗೂ ನಡುವೆ ರಾಕೆಟ್ಟಿನ ಹಿಡಿ ಒತ್ತಿಕೊಂಡು ಕುರ್ಚಿ ತಳ್ಳುತ್ತಾರೆ. ಬ್ಯಾಕ್‌ಹ್ಯಾಂಡಿಗೆ ಕೈ ತಿರುಗಿಸಿ ರಾಕೆಟ್ಟಿನ ಅದೇ ಮುಖದಿಂದ ಹೊಡೆಯುವವರೂ ಇದ್ದಾರೆ, ಹಿಡಿತ ಬದಲಿಸಲು ಪುರುಸೊತ್ತಿಲ್ಲವಲ್ಲ.

ಕುರ್ಚಿ ಆಟಗಾರನ ಮೈಯ ಭಾಗ ಅನ್ನುತ್ತದೆ ನಿಯಮ. ಚೆಂಡು ಗಾಲಿಗೆ ತಾಗಿದರೆ ಮೈಗೆ ತಾಗಿದ ಹಾಗೆ, ಪಾಯಿಂಟ್ ಹೋಯಿತು. ಪಾದ ನೆಲಕ್ಕೂರಿ ಬ್ರೇಕ್ ಹಾಕಿದರೂ ಹೋಯಿತು. ಸರ್ವ್ ಮಾಡುವ ಮುನ್ನ ಕುರ್ಚಿ ನಿಂತಿರಬೇಕು, ಆಮೇಲೆ ಚೆಂಡು ಹೊಡೆಯುವ ಮೊದಲು ಒಂದೇ ಒಂದು ತಳ್ಳುವಿಕೆಗೆ ಅವಕಾಶ.

*

ಆ ಕುರ್ಚಿಯನ್ನು ಹತ್ತಿರದಿಂದ ನೋಡಬೇಕು. ದೊಡ್ಡ ಗಾಲಿಗಳು ನೆಟ್ಟಗೆ ನಿಂತಿಲ್ಲ, ಮೇಲೆ ಒಳಕ್ಕೆ, ಕೆಳಗೆ ಹೊರಕ್ಕೆ ವಾಲಿವೆ. ಜೋರಾಗಿ ತಿರುಗಿದಾಗ ಮಗುಚದಿರಲಿ ಅಂತ. ಹಿಂದೆ ಮಗ್ಗುಲಿಗೊಂದು ಪುಟ್ಟ ಚಕ್ರ, ಸರ್ವ್ ಮಾಡುವಾಗ ಮೈ ಹಿಂದಕ್ಕೆ ಬಾಗಿದರೆ ತಡೆಯಲು. ಬೇರೆಯವರು ಹಿಡಿದು ತಳ್ಳುವ ಹಿಡಿ ಇಲ್ಲವೇ ಇಲ್ಲ. ಬ್ರೇಕ್ ಇಲ್ಲ. ಸೊಂಟಕ್ಕೆ, ಮಂಡಿಗೆ, ಪಾದಕ್ಕೆ ಪಟ್ಟಿ ಬಿಗಿದಿರುತ್ತದೆ. ಆಟಗಾರ ಸೊಂಟ ಹೊರಳಿಸಿದರೆ ಕುರ್ಚಿಯೂ ಹೊರಳುತ್ತದೆ. ಕೂರುವವರ ಮೈ ಅಳತೆಗೆ ಹೊಲಿಸಿದಂತೆ ಮಾಡಿಸುವ ಸಾಮಾನು ಅದು, ಬೆಲೆ ಲಕ್ಷದ ಲೆಕ್ಕದಲ್ಲಿ. ಮನೆಯಿಂದ ಬಂದ ಕುರ್ಚಿ ಅಂಕಣದ ಅಂಚಿನಲ್ಲಿ ಉಳಿಯುತ್ತದೆ. ಅದರಿಂದ ಇದಕ್ಕೆ ತೋಳಿನ ಬಲದಲ್ಲೇ ಜಿಗಿದು ಕೂತು ಪಟ್ಟಿ ಬಿಗಿಯುತ್ತಾರೆ.

*

ಹುರುಳಿ ಒಕ್ಕಣೆ ಕಾಲ. ರಸ್ತೆ ಮೇಲೆಯೇ ಹುರುಳಿ ಗಿಡ ಹರಡಿದ್ದಾರೆ, ಬಸ್ಸು ಲಾರಿ ಹಾದು ಕಾಳು ಉದುರಲಿ ಅಂತ. ಒಬ್ಬ ಹೆಣ್ಣುಮಗಳು ಕೈಯಲ್ಲಿ ಪೆಡಲ್ ತಿರುಗಿಸುವ ಮೂರು ಚಕ್ರದ ಗಾಡಿಯಲ್ಲಿ ಬಂದಳು. ಹುರುಳಿ ಬಳ್ಳಿ ಚೈನಿಗೂ ಇರಚಿಗೂ ಸುತ್ತಿಕೊಂಡು ಗಾಡಿ ನಿಂತಿತು. ಅವಳು ಯಾರನ್ನೂ ಕರೆಯಲಿಲ್ಲ. ಒಂದು ಕೈಯಲ್ಲಿ ಸೀಟಿನ ಕಂಬಿ ಹಿಡಿದು, ಮೈಯೆಲ್ಲ ಪಕ್ಕಕ್ಕೆ ಇಳಿಬಿಟ್ಟು, ಇನ್ನೊಂದು ಕೈಯಲ್ಲಿ ಬಳ್ಳಿಯನ್ನು ಎಳೆ ಎಳೆಯಾಗಿ ಬಿಡಿಸಿದಳು. ಒಕ್ಕುತ್ತಿದ್ದ ಅಜ್ಜಿ, "ತಾಳವ್ವ, ನಾನ್ ಬಿಡುಸ್ತೀನಿ" ಅಂತ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಆ ತೋಳು, ಸೊಂಟದ ಮೇಲಿನ ಆ ಹಿಡಿತ ನೋಡಿ ನನಗೆ ಅಂಕಣದ ಅಂಚಿನಲ್ಲಿ ಕುರ್ಚಿ ಬದಲಿಸುವವರ ನೆನಪಾಯಿತು.

'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಅಂತ ಗಾದೆ. ಗಾಲಿಯ ಮೇಲೆ ಬದುಕುವವರಿಗೆ ನೆಲ ನಿಜವಾಗಿಯೂ ಡೊಂಕು. ಮಳೆ ಬಿದ್ದರೆ ನಮ್ಮ ಕಡೆಯ ಕೆಂಪು ಮಣ್ಣು ಗಾಲಿಯನ್ನು ಹಿಡಿದುಕೊಳ್ಳುತ್ತದೆ. ಪಂಚಾಯಿತಿ ಕಟ್ಟೆಗೆ ಮೆಟ್ಟಿಲು, ಶಾಲೆಗೆ ಮೆಟ್ಟಿಲು, ಬ್ಯಾಂಕಿಗೆ ಮೆಟ್ಟಿಲು. ನೆಲದ ಮಾತು ವಿಂಬಲ್ಡನ್ನಿನಲ್ಲೂ ಬಂದಿತ್ತು. ಹುಲ್ಲಿನ ಮೇಲೆ ಕುರ್ಚಿ ತಳ್ಳುವುದು ಕಷ್ಟ ಎಂಬ ಮಾತಿನ ಮೇಲೆ ಅಲ್ಲಿ ಬಹುಕಾಲ ಡಬಲ್ಸ್ ಮಾತ್ರ ನಡೆಯಿತು. ಸಿಂಗಲ್ಸ್ ಶುರುವಾದದ್ದು 2016ರಲ್ಲಿ. ಹುಲ್ಲು ಅದೇ ಹುಲ್ಲು. ಆಡಲು ಬಿಟ್ಟ ಮೇಲೆ ಆಡಿ ತೋರಿಸಿದರು.

*

ಶಿಂಗೊ ಕುನಿಯೆಡಾನ ಜೀವನ ಓದಿದೆ. ಜಪಾನಿನವನು, ಹುಟ್ಟಿದ್ದು 1984ರಲ್ಲಿ. 9ನೇ ವಯಸ್ಸಿಗೆ ಬೆನ್ನುಹುರಿಯಲ್ಲಿ ಗಡ್ಡೆ, ಕಾಲು ಹೋಯಿತು. ಹುಡುಗನಿಗೆ ಇಷ್ಟವಾಗಿದ್ದದ್ದು ಬ್ಯಾಸ್ಕೆಟ್‌ಬಾಲ್. ಅವರಿದ್ದ ಕಾಶಿವಾ ಎಂಬ ಊರಿನಲ್ಲಿ ಒಂದು ಟೆನಿಸ್ ತರಬೇತಿ ಕೇಂದ್ರವಿತ್ತು, ಅಲ್ಲಿ ಕುರ್ಚಿಯವರಿಗೂ ಕಲಿಸುತ್ತಿದ್ದರು. ತಾಯಿ ಕರೆದುಕೊಂಡು ಹೋದಳು. ಆಗ ಅವನಿಗೆ 11. ಮುಂದಿನದು ಲೋಕಕ್ಕೆಲ್ಲ ಗೊತ್ತು: ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ 28, ಡಬಲ್ಸ್ ಸೇರಿದರೆ 50. ಪ್ಯಾರಾಲಿಂಪಿಕ್ಸ್ ಸಿಂಗಲ್ಸ್ ಚಿನ್ನ ಬೀಜಿಂಗ್, ಲಂಡನ್, ಟೋಕಿಯೊಗಳಲ್ಲಿ. 2009ರಲ್ಲಿ ವಿಶ್ವವಿದ್ಯಾಲಯವೊಂದರ ನೌಕರಿ ಬಿಟ್ಟು ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡ. ಸಂಬಳ ಬಿಟ್ಟು ಆಟ ನಂಬುವುದೆಂದರೆ ಎಂಥ ಎದೆಗಾರಿಕೆ.

ಗೆದ್ದ ಪಟ್ಟಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು 2016. ಮೊಣಕೈ ಶಸ್ತ್ರಚಿಕಿತ್ಸೆ, ರಿಯೊದಲ್ಲಿ ಸಿಂಗಲ್ಸ್ ಕ್ವಾರ್ಟರ್‌ಫೈನಲ್‌ನಲ್ಲೇ ಸೋಲು. ಮೂವತ್ತು ದಾಟಿದವನು ಅಲ್ಲಿಗೆ ಸಾಕು ಅನ್ನಬಹುದಿತ್ತು. ಅವನು ಬ್ಯಾಕ್‌ಹ್ಯಾಂಡ್ ಹೊಡೆಯುವ ರೀತಿಯನ್ನೇ ಬದಲಿಸಿದ, ಕೋಚ್ ಬದಲಿಸಿದ, ಕುರ್ಚಿಯನ್ನೂ ಬದಲಿಸಿದ. 2022ರಲ್ಲಿ, ಕೈಗೆ ಸಿಗದೆ ಉಳಿದಿದ್ದ ವಿಂಬಲ್ಡನ್ ಸಿಂಗಲ್ಸ್ ಗೆದ್ದು, ಮರುವರ್ಷದ ಜನವರಿಯಲ್ಲಿ ನಿವೃತ್ತನಾದ. ಅಷ್ಟರಲ್ಲಿ ಮೂಳೆ ಕ್ಯಾನ್ಸರ್‌ನಿಂದ ಎದ್ದ ಟೊಕಿಟೊ ಒಡಾ ಎಂಬ ಪೋರ, ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕುನಿಯೆಡಾ ಆಡಿದ ವಿಡಿಯೊ ನೋಡಿ ರಾಕೆಟ್ ಹಿಡಿದಿದ್ದ. 2023ರಲ್ಲಿ 17ನೇ ವಯಸ್ಸಿಗೇ ಫ್ರೆಂಚ್ ಓಪನ್ ಗೆದ್ದ, 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಚಿನ್ನ.

ನನ್ನ ತಲೆ ತಿನ್ನುವುದು ಕಾಶಿವಾದ ಆ ಕೇಂದ್ರ. ಅದು ಮನೆಯ ಹತ್ತಿರ ಇರದಿದ್ದರೆ?

*

ನಮ್ಮ ರಾಜ್ಯದಲ್ಲಿ ಆಡುವವರಿಲ್ಲ ಅನ್ನುವಂತಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣದಲ್ಲಿ ಟಬೆಬುಯಾ ಓಪನ್ ಎಂಬ ವ್ಹೀಲ್‌ಚೇರ್ ಟೆನಿಸ್ ಟೂರ್ನಿ ನಡೆದಿದೆ. ಟಬೆಬುಯಾ ಅಂದರೆ ಬೆಂಗಳೂರಿನಲ್ಲಿ ಹೂ ಸುರಿಸುವ ಮರದ ಹೆಸರು. ದೇಶದ ಮುಂಚೂಣಿ ಆಟಗಾರ ಶೇಖರ್ ವೀರಸ್ವಾಮಿ ಬೆಂಗಳೂರಿನವರು. ಮಹಿಳೆಯರಲ್ಲಿ ಕೆ.ಪಿ. ಶಿಲ್ಪಾ, ಪ್ರತಿಮಾ ರಾವ್ ಕರ್ನಾಟಕದವರೇ. ಕ್ರಿಕೆಟ್ಟಿನ ಅಂಡರ್-16 ತಂಡದ ಹೆಸರು ಪಟಪಟ ಹೇಳುವ ನಮ್ಮ ಹುಡುಗರಿಗೆ ಇವರ ಹೆಸರು ಗೊತ್ತಿಲ್ಲ. ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂದರೆ ಎಲ್ಲಿ ತಾನೆ ಗೊತ್ತಾದೀತು? ನನಗೆ ಇದು ಬೇಸರದ ಸಂಗತಿ.

*

ಬೆಂಗಳೂರಿನ ಆ ಅಂಕಣ ಮುಟ್ಟಲು ಬಸ್ಸಿನ ಲೆಕ್ಕ. ಅಂಗವಿಕಲರಿಗೆ ಕೆ.ಎಸ್.ಆರ್.ಟಿ.ಸಿ. ಕೊಡುವ ರಿಯಾಯಿತಿ ಪಾಸು ನಡೆಯುವುದು ಮನೆಯಿಂದ 100 ಕಿಲೋಮೀಟರ್ ಒಳಗೆ. ಬಿಳಿಕೆರೆಯಿಂದ ಮೈಸೂರು ಆ ಗೆರೆಯೊಳಗೆ, ಬೆಂಗಳೂರಿನ ಅಂಕಣ ಆಚೆಗೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದೊಳಗೆ ಎಲ್ಲಿಗೂ ಚಾರ್ಜಿಲ್ಲ. ಅಂದರೆ ದುಡ್ಡಿನ ತೊಡಕು ಅರ್ಧ ಹೋಯಿತು. ಉಳಿದದ್ದು ಬಸ್ಸಿನ ಮೆಟ್ಟಿಲು. ಅಷ್ಟೆತ್ತರದ ಮೆಟ್ಟಿಲನ್ನು ಕುರ್ಚಿ ಹತ್ತುವುದು ಹೇಗೆ? ಒಬ್ಬರು ಆಡಲು ಹೊರಟವಳನ್ನು ಎತ್ತಬೇಕು, ಇನ್ನೊಬ್ಬರು ಕುರ್ಚಿಯನ್ನು ಎತ್ತಬೇಕು. ಆಟದ ಕುರ್ಚಿಯ ಗಾಲಿ ಒಂದು ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಗಾಲಿ, ಚೌಕಟ್ಟು, ರಾಕೆಟ್ ಚೀಲ, ಇಷ್ಟನ್ನೂ ಇಡಲು ಬೆಳಗ್ಗೆ ಕಾಲೇಜು ಮಕ್ಕಳು ತುಂಬಿದ ಹುಣಸೂರು–ಮೈಸೂರು ಬಸ್ಸಿನಲ್ಲಿ ಜಾಗ ಎಲ್ಲಿ?

*

ಇನ್ನೊಂದು ಯೋಚನೆ. ಹಿಂದಿನ ತಲೆಮಾರಿನ ಎಷ್ಟೋ ಕ್ರೀಡಾಪಟುಗಳ ಕಾಲು ತೆಗೆದದ್ದು ಪೋಲಿಯೊ. ಬೆಂಗಳೂರಿನ ಮಾಲತಿ ಹೊಳ್ಳ ಅವರೂ ಹಾಗೆಯೇ, ಕುರ್ಚಿಯಲ್ಲಿ ಕೂತೇ ಪದಕಗಳ ರಾಶಿ ತಂದವರು. ದೇಶದಲ್ಲಿ ವೈಲ್ಡ್ ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಒಳ್ಳೆಯದೇ ಆಯಿತು. ಈಗ ನಮ್ಮಲ್ಲಿ ಹರೆಯದವರು ಕುರ್ಚಿಗೆ ಬರುವುದು ಬೈಕಿನಿಂದ ಬಿದ್ದು, ತೆಂಗಿನ ಮರದಿಂದ ಬಿದ್ದು, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮೇಲಿಂದ ಜಾರಿ. ನಿನ್ನೆಯವರೆಗೆ ಓಡಾಡಿದ ಮೈ ಅದು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸಿ, ಮೂತ್ರದ ನಳಿಗೆ ಚೊಕ್ಕಟವಾಗಿಡಿ ಅನ್ನುತ್ತಾರೆ. ಅದು ಬೇಕೇ ಬೇಕು. ಆಟದ ಮಾತು ಮಾತ್ರ ಬರುವುದಿಲ್ಲ.

ಈ ಟೆನಿಸ್ ಹುಟ್ಟಿದ್ದೇ ಅಂಥ ಗಾಯದ ಮರುದಿನಗಳಲ್ಲಿ. ಬ್ರಾಡ್ ಪಾರ್ಕ್ಸ್ ಎಂಬ ಅಮೆರಿಕದ ಹುಡುಗ 1976ರಲ್ಲಿ ಹಿಮದಲ್ಲಿ ಜಾರುವಾಗ ಬಿದ್ದು ನಡಿಗೆ ಕಳೆದುಕೊಂಡ. ಚೇತರಿಸಿಕೊಳ್ಳುವ ದಿನಗಳಲ್ಲೇ ಕುರ್ಚಿಯಲ್ಲಿ ಕೂತು ರಾಕೆಟ್ ಹಿಡಿದ. ಅಲ್ಲಿಂದ 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಪ್ರದರ್ಶನ ಪಂದ್ಯ, 1992ರ ಬಾರ್ಸಿಲೋನಾದಲ್ಲಿ ಪದಕದ ಆಟ.

*

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೇ ಕಲಂ ಪೂರ್ತಿ ಆಟೋಟಕ್ಕೇ ಮೀಸಲು. ತಾಲ್ಲೂಕು ಕಚೇರಿಯಲ್ಲಿ ಸಾಧನ ಸಲಕರಣೆ ಹಂಚುವ ದಿನ ಮೂರು ಚಕ್ರದ ಗಾಡಿ, ಊರುಗೋಲು, ಕಿವಿಯಂತ್ರ ಸಾಲಾಗಿ ಇಟ್ಟಿರುತ್ತಾರೆ. ಅವು ಸಿಕ್ಕವರ ಬದುಕು ಹಗುರಾಗುತ್ತದೆ, ನಾನೇ ನೋಡಿದ್ದೇನೆ. ಆ ಸಾಲಿನಲ್ಲಿ ವಾಲಿದ ಗಾಲಿಯ ಒಂದು ಕುರ್ಚಿ, ತಾಲ್ಲೂಕಿಗೆ ಒಂದೇ ಒಂದು, ಸರದಿಯಲ್ಲಿ ಆಡಿ ನೋಡಲು, ಯಾಕೆ ಇರಬಾರದು?

*

ನಮ್ಮೂರ ಶಾಲೆಯ ಪಿ.ಟಿ. ಮೇಷ್ಟ್ರ ಹತ್ತಿರ ಈ ಮಾತು ಎತ್ತಿದೆ. ಅವರು ಕೇಳಿದ್ದು ಒಂದೇ: "ಅಂಕಣ ಪೂರ್ತಿ ಬೇಕೇ ಬೇಕಾ ಸಾರ್, ಕಲಿಯೋಕೆ?" ನರೇಗಾದಲ್ಲಿ ಕಟ್ಟಿದ ಸಿಮೆಂಟಿನ ಒಕ್ಕಣೆ ಕಣದ ಕಡೆಗೆ ಕರೆದುಕೊಂಡು ಹೋದರು. ಸುಗ್ಗಿ ಮುಗಿದ ಮೇಲೆ ಅದು ಖಾಲಿ. ಟೇಪು ಹಿಡಿದು ಅಳೆದೆವು. 78 ಅಡಿಗೆ ಬಹಳ ಸಾಲದು. ಆದರೆ ಕುರ್ಚಿ ತಿರುಗಿಸಲು, ಉರುಳುತ್ತಾ ಗೋಡೆಗೆ ಚೆಂಡು ಹೊಡೆದು ಎರಡನೆಯ ಪುಟದೊಳಗೆ ಮುಟ್ಟಲು ಧಾರಾಳ ಜಾಗವಿದೆ. ಕಣದ ಒಂದು ಮಗ್ಗುಲಿಗೆ ಗೋಡೆ ಆಗಬೇಕು, ರಸ್ತೆಯಿಂದ ಕಣದ ಕಟ್ಟೆಗೆ ಇಳಿಜಾರು ಆಗಬೇಕು. ಇಳಿಜಾರಿಗೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಅಂತ ಲೆಕ್ಕ ಹೇಳಿದೆ. ಕಟ್ಟೆ ಒಂದೂವರೆ ಅಡಿ, ಹಾಗಾದರೆ ಹದಿನೆಂಟು ಅಡಿ. ಮೇಷ್ಟ್ರು ಸೀಮೆಸುಣ್ಣದಲ್ಲಿ ಅಷ್ಟು ಉದ್ದಕ್ಕೆ ಗೆರೆ ಎಳೆದು, ಮುಂದಿನ ಗ್ರಾಮಸಭೆಯಲ್ಲಿ ಬರೆಸೋಣ ಅಂದರು.